ಕಸುಬು ಕಲಿಸಿದ ಶಾಲೆಗಳು: ಮೈಸೂರಿನಿಂದ ದೊಡ್ಡಬಳ್ಳಾಪುರದವರೆಗೆ

ವಿಶೇಷ ಶಾಲೆಯ ಚರಿತ್ರೆ ಬರೆಯಲು ಕುಳಿತಾಗ ಅಡಿಗಲ್ಲು ಹಾಕಿದ ದಿನ, ಕಟ್ಟಡದ ಉದ್ಘಾಟನೆ, ದಾನಿಗಳ ಹೆಸರುಗಳು ಮೊದಲು ನೆನಪಾಗುತ್ತವೆ. ಅವೆಲ್ಲ ದಾಖಲಾಗಬೇಕಾದವೇ. ಆದರೆ ಕಸುಬು ಕಲಿಸುವ ಶಾಲೆಗೆ ಬೇರೊಂದು ಅಳತೆಗೋಲೂ ಇದೆ. ಅಲ್ಲಿ ಕಲಿತ ಮಕ್ಕಳು ಹದಿನೆಂಟು ದಾಟಿದ ಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ? ತಿಂಗಳ ಕೊನೆಗೆ ಅವರ ಕೈಗೆ ಏನು ಬರುತ್ತದೆ? ಅವರು ಮಾಡಿದ ಕೆಲಸವನ್ನು ಊರು ದುಡ್ಡು ಕೊಟ್ಟು ಕೊಳ್ಳುತ್ತದೆಯೇ? ಕರ್ನಾಟಕದಲ್ಲಿ ಅಂಗವಿಕಲರಿಗಾಗಿ ಹುಟ್ಟಿದ ಸಂಸ್ಥೆಗಳ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ನಡಿಗೆಯನ್ನು ಈ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ನೋಡಿದರೆ ಯಾವ ಪ್ರಯತ್ನ ನಿಂತಿತು, ಯಾವುದು ಸೊರಗಿತು, ಏಕೆ ಎಂಬುದು ಸ್ಪಷ್ಟವಾಗುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪೋಷಕರಿಗೆ, ಶಿಕ್ಷಕರಿಗೆ ಈ ಚರಿತ್ರೆ ಬೇಕು. ವಿಶೇಷ ಮಕ್ಕಳ ಸಂಸ್ಥೆಗಳಲ್ಲಿ ಹೆಚ್ಚಿನವು ಬೆಂಗಳೂರು ನಗರದಲ್ಲಿವೆ. ನಮ್ಮ ಮಕ್ಕಳು ಬೆಳೆಯುವುದು ಮಗ್ಗದ ಸದ್ದಿನ ಬೀದಿಗಳಲ್ಲಿ, ದ್ರಾಕ್ಷಿ ಚಪ್ಪರಗಳ ಪಕ್ಕದಲ್ಲಿ, ಹೊಸದಾಗಿ ಎದ್ದ ಕಾರ್ಖಾನೆಗಳ ಕಾಂಪೌಂಡಿನಾಚೆ. ಅವರಿಗೆ ಏನು ಕಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಹಿಂದಿನವರು ಏನನ್ನು ಕಲಿಸಿದರು ಎಂಬುದನ್ನು ಮೊದಲು ತಿಳಿಯಬೇಕು.

ಮೈಸೂರು, 1901

ಭಾರತದಲ್ಲಿ ಅಂಧರ ಶಾಲೆಗಳು ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. 1887ರಲ್ಲಿ ಆನಿ ಶಾರ್ಪ್ ಎಂಬ ಮಿಷನರಿ ಮಹಿಳೆ ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದರು. ಅದಾದ ಹದಿನಾಲ್ಕು ವರ್ಷಕ್ಕೆ, 1901ರಲ್ಲಿ, ಮೈಸೂರಿನಲ್ಲಿ ಎಂ. ಶ್ರೀನಿವಾಸ ರಾವ್ ಅವರು ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದರು. ಕನ್ನಡ ನಾಡಿನಲ್ಲಿ ವಿಶೇಷ ಶಿಕ್ಷಣದ ಕಥೆ ಆರಂಭವಾಗುವುದು ಅಲ್ಲಿಂದ. ತಿಲಕ್ ನಗರದಲ್ಲಿರುವ ಸರ್ಕಾರಿ ಶಾಲೆ ಆ ಪರಂಪರೆಗೆ ಸೇರಿದ್ದು.

ಅಂಧರ ಶಾಲೆಯಲ್ಲಿ ಅಕ್ಷರದ ಜೊತೆಗೆ ಕೈಕೆಲಸವನ್ನೂ ಕಲಿಸಬೇಕೆಂಬ ಆಲೋಚನೆ ಯುರೋಪಿನಿಂದ ಬಂದದ್ದು. ವ್ಯಾಲೆಂಟಿನ್ ಆವಿ ಎಂಬವರು 1780ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಅಂಧರ ಶಾಲೆಯಲ್ಲೇ ಓದಿನ ಜೊತೆ ಕಸುಬಿನ ತರಬೇತಿ ಇತ್ತು. ಮುಂದೆ ಬ್ರೈಲ್ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲ್ ಆ ಶಾಲೆಯ ವಿದ್ಯಾರ್ಥಿ. ಭಾರತಕ್ಕೆ ಬಂದಾಗ ಆ ಆಲೋಚನೆ ಒಂದು ಸಿದ್ಧ ಪಟ್ಟಿಯ ರೂಪ ಪಡೆಯಿತು. ಕಣ್ಣು ಕಾಣದವರಿಗೆ ಬೆತ್ತದ ಕುರ್ಚಿ ಹೆಣೆಯುವುದು, ಚಾಪೆ ನೇಯುವುದು, ಸಂಗೀತ. ಕಿವಿ ಕೇಳದವರಿಗೆ ಹೊಲಿಗೆ, ಮರಗೆಲಸ. ದೇಶದ ಬಹುತೇಕ ಶಾಲೆಗಳಲ್ಲಿ ದಶಕಗಳ ಕಾಲ ಇದೇ ಪಟ್ಟಿ ನಡೆದು ಬಂತು. ಆಮೇಲೆ ಮೇಣದ ಬತ್ತಿ, ಸೀಮೆಸುಣ್ಣ, ಊದುಬತ್ತಿ, ಕಾಗದದ ಲಕೋಟೆ ಸೇರಿಕೊಂಡವು.

ಈ ಪಟ್ಟಿಯನ್ನು ಇಂದು ಹಳಿಯುವುದು ಸರಿಯಲ್ಲ. ಕುರುಡ ಮಗ ಹುಟ್ಟಿದರೆ ಭಿಕ್ಷೆಯೇ ಗತಿ ಎಂದು ಊರು ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಅವನು ಕೂತು ದುಡಿಯಬಲ್ಲ ಎಂದು ತೋರಿಸಿಕೊಟ್ಟದ್ದು ಈ ಶಾಲೆಗಳು. ಸರ್ಕಾರಿ ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳಿದ್ದಷ್ಟು ಕಾಲ ಅವುಗಳ ರಿಪೇರಿಗೆ ಕೈಗಳು ಬೇಕಿದ್ದವು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಆ ಕೆಲಸ ಕರಗುತ್ತಾ ಹೋಯಿತು, ಆದರೆ ಕಲಿಸುವುದು ಹಾಗೆಯೇ ಮುಂದುವರಿಯಿತು. ಹೊರಗಿನ ಪೇಟೆ ಬದಲಾದರೂ ಒಳಗಿನ ಪಾಠ ಬದಲಾಗದ ಈ ಪರಿಸ್ಥಿತಿ ಮುಂದಿನ ನೂರು ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇಂದು ಮೊಬೈಲ್ ಮೇಲೆ ಪಾಠ ಕೇಳುವ ಮಕ್ಕಳಿರುವ ಊರಿನಲ್ಲಿ ಸೀಮೆಸುಣ್ಣ ಮಾಡುವುದನ್ನು ಕಲಿಸುತ್ತಿರುವ ಯಾವುದೇ ಘಟಕ ಈ ಇತಿಹಾಸವನ್ನು ಒಮ್ಮೆ ನೆನೆಯಬೇಕು.

ಗದಗ: ಕೇಳುಗರಿದ್ದ ಕಸುಬು

ಕನ್ನಡ ನಾಡಿನಲ್ಲಿ ಅಂಗವಿಕಲರಿಗೆ ಜೀವನೋಪಾಯ ಕಲಿಸಿದ ಅತ್ಯಂತ ಯಶಸ್ವಿ ಸಂಸ್ಥೆ ಯಾವುದು ಎಂದು ಕೇಳಿದರೆ ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳುತ್ತೇನೆ. ವೃತ್ತಿ ತರಬೇತಿ ಕೇಂದ್ರ ಎಂದು ಅದನ್ನು ಯಾರೂ ಕರೆಯುವುದಿಲ್ಲ. ಅದು ಆಶ್ರಮ, ಗುರುಕುಲ. ಆದರೂ ಕೆಲಸದ ದೃಷ್ಟಿಯಿಂದ ನೋಡಿದರೆ, ಬಡ ಅಂಧ ಮಕ್ಕಳಿಗೆ ಊಟ, ವಸತಿ, ಗುರು, ವಿದ್ಯೆ ಎಲ್ಲವನ್ನೂ ಕೊಟ್ಟು, ಆ ವಿದ್ಯೆಯಿಂದಲೇ ಬದುಕುವಂತೆ ಮಾಡಿ ಹೊರಗೆ ಕಳಿಸಿದ ಸಂಸ್ಥೆ ಅದು.

ಅದರ ಮೂಲಪುರುಷರು ಪಂಚಾಕ್ಷರ ಗವಾಯಿಗಳು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹುಟ್ಟಿನಿಂದ ದೃಷ್ಟಿ ಇರಲಿಲ್ಲ. ಹುಡುಗನ ಕಂಠವನ್ನು ಗುರುತಿಸಿ ಕೈಹಿಡಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರ ಆಸರೆಯಲ್ಲಿ ಪಂಚಾಕ್ಷರ ಗವಾಯಿಗಳು ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದರು. ತಾವು ಕಲಿತದ್ದನ್ನು ತಮ್ಮಂಥವರಿಗೆ ಕಲಿಸಬೇಕೆಂದು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಗದಗಿನಲ್ಲಿ ನೆಲೆ ನಿಲ್ಲುವ ಮೊದಲು ಆ ಶಾಲೆ ಸಂಚಾರಿಯಾಗಿತ್ತು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ಜನಿಸಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆರು ದಶಕಕ್ಕೂ ಹೆಚ್ಚು ಕಾಲ ಆಶ್ರಮವನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು.

ಈ ಸಂಸ್ಥೆ ಏಕೆ ನಿಂತಿತು? ಗುರುಗಳ ತ್ಯಾಗ ಮೊದಲ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಅಲ್ಲಿ ಕಲಿಸಿದ ಕಸುಬಿಗೆ ಉತ್ತರ ಕರ್ನಾಟಕದ ಊರೂರಿನಲ್ಲಿ ಬೇಡಿಕೆಯಿತ್ತು. ಮಠಗಳಲ್ಲಿ ಪುರಾಣ ಪ್ರವಚನ ನಡೆಯುತ್ತಿತ್ತು, ಪ್ರವಚನಕ್ಕೆ ಹಾಡುವವರು, ತಬಲಾ ನುಡಿಸುವವರು ಬೇಕಿತ್ತು. ಜಾತ್ರೆಗಳಿದ್ದವು, ಕಂಪನಿ ನಾಟಕಗಳಿದ್ದವು. ಶಾಲೆಗಳಿಗೆ ಸಂಗೀತ ಶಿಕ್ಷಕರು ಬೇಕಾದರು. ಆಶ್ರಮ ತಾನೇ ನಾಟಕ ಕಂಪನಿಯನ್ನು ಕಟ್ಟಿ ನಡೆಸಿತು. ಪುಟ್ಟರಾಜರು ನಾಟಕಗಳನ್ನು ಬರೆದರು, ಆಟದ ಗಳಿಕೆ ಅನಾಥ ಮತ್ತು ಅಂಧ ಮಕ್ಕಳ ಊಟಕ್ಕೆ ಹೋಯಿತು. ಭಕ್ತರು ಅವರಿಗೆ ಮಾಡುತ್ತಿದ್ದ ತುಲಾಭಾರದ ಹಣವೂ ಆಶ್ರಮದ ಖರ್ಚಿಗೇ ಸೇರಿತು. ಕಲಿಕೆಯ ಕ್ರಮವೂ ಕಲಿಯುವವನಿಗೆ ಹೊಂದಿಕೊಂಡಿತ್ತು. ಕಿವಿ ಮತ್ತು ನೆನಪಿನಿಂದ ನಡೆಯುವ ವಿದ್ಯೆಗೆ ಕಣ್ಣಿನ ಕೊರತೆ ಅಡ್ಡ ಬರಲಿಲ್ಲ. ಬಸವರಾಜ ರಾಜಗುರು ಅವರಂಥ ದೃಷ್ಟಿಯುಳ್ಳ ಮಹಾನ್ ಗಾಯಕರೂ ಪಂಚಾಕ್ಷರ ಗವಾಯಿಗಳ ಬಳಿ ಕಲಿತವರೇ ಎಂಬುದನ್ನು ಮರೆಯಬಾರದು. ಅಂಧ ಗುರುವಿನ ಮುಂದೆ ಕಣ್ಣಿದ್ದವರು ಕೂತು ಕಲಿತದ್ದು ಆ ಶಾಲೆಯ ವಿದ್ಯೆಯ ಮಟ್ಟ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ. ಅದು ಕನಿಕರದಿಂದ ಕೊಳ್ಳುವ ಸರಕಾಗಿರಲಿಲ್ಲ.

ಗದಗಿನ ಪಾಠವನ್ನು ಹೀಗೆ ಸಂಗ್ರಹಿಸಬಹುದು: ಕಸುಬು ಊರಿನಿಂದ ಶಾಲೆಗೆ ಬರಬೇಕು. ಶಾಲೆಯೊಳಗೆ ಹುಟ್ಟಿದ ಕಸುಬು ಗಿರಾಕಿಯನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕಾಗುತ್ತದೆ.

ಬೆಂಗಳೂರು, 1959: ತಾವೇ ಕಟ್ಟಿಕೊಂಡ ಸಂಘ

ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಪೋಲಿಯೊ ಊರೂರಿನ ಪಿಡುಗಾಗಿತ್ತು. ಕಾಲಿನ ಬಲ ಕಳೆದುಕೊಂಡ ಮಕ್ಕಳಿಗೆ ಬುದ್ಧಿಯಿತ್ತು, ಕೈಯಿತ್ತು, ಓದುವ ಆಸೆಯಿತ್ತು. ಶಾಲೆಯ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಅಷ್ಟೇ. ಅಂಥವರಲ್ಲಿ ಒಬ್ಬರಾದ, ಪೋಲಿಯೊದಿಂದ ಗಾಲಿಕುರ್ಚಿ ಹಿಡಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸಂಘವೊಂದನ್ನು ಆರಂಭಿಸಿದರು. ಇಂದು ಅದು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, ಚುಟುಕಾಗಿ ಎಪಿಡಿ, ಎಂದು ನಾಡಿಗೆಲ್ಲ ಪರಿಚಿತ. ಲಿಂಗರಾಜಪುರದಲ್ಲಿ ನೆಲೆ ಕಂಡ ಈ ಸಂಸ್ಥೆ ಶಾಲೆ, ಕೈಗಾರಿಕಾ ತರಬೇತಿ, ಕ್ಯಾಲಿಪರ್ ಮತ್ತು ಗಾಲಿಕುರ್ಚಿ ತಯಾರಿಸುವ ಕಾರ್ಯಾಗಾರ ಎಲ್ಲವನ್ನೂ ಒಂದೇ ಆವರಣಕ್ಕೆ ತಂದಿತು.

ಈ ಆರಂಭದಲ್ಲಿ ಎರಡು ಹೊಸತನಗಳಿದ್ದವು. ಮೊದಲನೆಯದು, ಅಂಗವಿಕಲರಿಗಾಗಿ ಇತರರು ಕಟ್ಟಿದ ಧರ್ಮಸಂಸ್ಥೆ ಇದಾಗಿರಲಿಲ್ಲ. ಮುಂದೆ ನಿಂತವರೇ ಅಂಗವಿಕಲರು. ಎರಡನೆಯದು, ಕಸುಬಿನ ಆಯ್ಕೆ. ಬೆಂಗಳೂರು ಆಗ ಸಾರ್ವಜನಿಕ ಉದ್ದಿಮೆಗಳ ನಗರವಾಗಿ ಬೆಳೆಯುತ್ತಿತ್ತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳು ಕುಶಲ ಕಾರ್ಮಿಕರನ್ನು ಬೇಡುತ್ತಿದ್ದವು. ಬೆಂಚಿನ ಮುಂದೆ ಕೂತು ಮಾಡುವ ಫಿಟ್ಟರ್, ಎಲೆಕ್ಟ್ರಾನಿಕ್ಸ್ ಜೋಡಣೆಯಂಥ ಕೆಲಸಗಳು ಕಾಲಿನ ಬಲ ಬೇಡದ ಕೆಲಸಗಳು. ನಗರಕ್ಕೆ ಏನು ಬೇಕು ಎಂಬುದನ್ನು ನೋಡಿ ಪಾಠವನ್ನು ರೂಪಿಸುವ ಕ್ರಮ ಇಲ್ಲಿ ಕಾಣಿಸಿತು.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಅಧ್ಯಾಯ 1988ರದು. ಆ ವರ್ಷ ಸಂಸ್ಥೆ ಜೀವನ್ ಭೀಮಾ ನಗರದಲ್ಲಿ ತೋಟಗಾರಿಕೆ ತರಬೇತಿ ಕೇಂದ್ರವನ್ನು ತೆರೆಯಿತು. ಮುಂದೆ ಕ್ಯಾಲಸನಹಳ್ಳಿಯಲ್ಲಿ ಇನ್ನೊಂದು ಕೇಂದ್ರ ಬಂತು. ಗಾರ್ಡನ್ ಕೆಲಸಕ್ಕೆ ಅಂಗವಿಕಲರು ಹೇಗೆ ಎಂದು ಕೇಳುವವರಿಗೆ ಆ ಕೇಂದ್ರಗಳೇ ಉತ್ತರ. ಮಡಿಯನ್ನು ಸೊಂಟದೆತ್ತರಕ್ಕೆ ಏರಿಸಿದರೆ ಗಾಲಿಕುರ್ಚಿಯಲ್ಲಿ ಕೂತವರೂ ನಾಟಿ ಮಾಡಬಹುದು. ಹಿಡಿಕೆ ದಪ್ಪ ಮಾಡಿದರೆ ಹಿಡಿತ ಕಡಿಮೆಯಿರುವ ಕೈಯೂ ಸಣ್ಣ ಗುದ್ದಲಿ ಹಿಡಿಯುತ್ತದೆ. ಕೆಮ್ಮಣ್ಣು, ಮರಳು, ಗೊಬ್ಬರ ಬೆರೆಸುವುದು, ಚೀಲ ತುಂಬುವುದು, ಸಸಿ ಕೂಡಿಸುವುದು, ನೀರು ಹಾಕುವುದು, ಕಳೆ ಕೀಳುವುದು ಹೀಗೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಾಮರ್ಥ್ಯ ಸಾಕು. ಆದ್ದರಿಂದ ಶ್ರವಣದೋಷ, ದೈಹಿಕ ಅಂಗವೈಕಲ್ಯ, ಬೌದ್ಧಿಕ ಅಸಾಮರ್ಥ್ಯ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಎಲ್ಲರೂ ಒಂದೇ ತೋಟದಲ್ಲಿ ಕಲಿಯಲು ಸಾಧ್ಯವಾಯಿತು. ಬೆಳೆಸಿದ ಗಿಡಗಳನ್ನು ನರ್ಸರಿಯಲ್ಲಿ ಸಾರ್ವಜನಿಕರಿಗೆ ಮಾರಲಾಯಿತು. ಮನೆ, ಅಪಾರ್ಟ್‌ಮೆಂಟ್, ಕಂಪನಿಗಳ ಅಂಗಳಕ್ಕೆ ಮಾಲಿಗಳು ಬೇಕಾದ ನಗರದಲ್ಲಿ ಈ ಕಸುಬಿಗೆ ಗಿರಾಕಿಯ ಕೊರತೆ ಬರಲಿಲ್ಲ.

ಸಂಸ್ಥೆಯ ಕಲಿಯುವ ಬಳಗವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ವರದಿಯಾಯಿತು, 2014ರಲ್ಲಿ ಭಾರತವನ್ನು ಪೋಲಿಯೊ ಮುಕ್ತವೆಂದು ಸಾರಲಾಯಿತು. ಲಸಿಕೆಯ ಆ ಗೆಲುವಿನ ನಂತರ ಅಂಗವಿಕಲರ ಸಂಸ್ಥೆಗಳ ಬಾಗಿಲಿಗೆ ಹೆಚ್ಚಾಗಿ ಬರುತ್ತಿರುವವರು ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳು ಮತ್ತು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಯುವಕರು. ಕಾಲಿಗೆ ಕ್ಯಾಲಿಪರ್ ಕೊಟ್ಟು ಬೆಂಚಿನ ಮುಂದೆ ಕೂರಿಸಿದರೆ ಮುಗಿಯಿತು ಎನ್ನುವ ಕಾಲ ಹೋಯಿತು. ಒಬ್ಬೊಬ್ಬರಿಗೂ ಒಂದೊಂದು ದಾರಿ ಹುಡುಕಬೇಕಾದ ಕಾಲ ಬಂತು.

ತಡವಾಗಿ ತೆರೆದ ಬಾಗಿಲು

ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳ ಪಾಲಿಗೆ ಶಾಲೆಯ ಬಾಗಿಲು ಎಲ್ಲರಿಗಿಂತ ತಡವಾಗಿ ತೆರೆಯಿತು. ಅಂಧ, ಕಿವುಡ ಮಕ್ಕಳಿಗೆ ಶಾಲೆ ಬಂದು ಅರ್ಧ ಶತಮಾನವಾದರೂ ಈ ಮಕ್ಕಳು ಮನೆಯ ಮೂಲೆಯಲ್ಲೋ ಮಾನಸಿಕ ಆಸ್ಪತ್ರೆಯಲ್ಲೋ ಉಳಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು ಈ ಪರಿಸ್ಥಿತಿ ಬದಲಾಗಲು ನೆರವಾಯಿತು. 1974ರಲ್ಲಿ ಅದು ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ತಜ್ಞರು ಮತ್ತು ತಂದೆತಾಯಂದಿರು ಒಟ್ಟು ಸೇರುವ ಅವಕಾಶ ಒದಗಿತು. ಈ ಮಕ್ಕಳಿಗಾಗಿಯೇ ಮೀಸಲಾದ ಸಂಘವೊಂದು 1960ರಲ್ಲಿ ನಗರದಲ್ಲಿ ಹುಟ್ಟಿಕೊಂಡಿತು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ 1980ರ ದಶಕದ ಆರಂಭದಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಬಂತು. 1984ರಲ್ಲಿ ಸಿಕಂದರಾಬಾದಿನಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿ, ಬೋಧನಾ ಕ್ರಮ ಮತ್ತು ಶಿಕ್ಷಕರ ತರಬೇತಿಗೆ ಒಂದು ನೆಲೆಗಟ್ಟು ದೊರೆಯಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ, ವಿಶೇಷ ಶಿಕ್ಷಕರಾಗಲು ಮಾನ್ಯತೆ ಪಡೆದ ತರಬೇತಿ ಬೇಕೇ ಬೇಕು ಎಂದಿತು.

ಈ ಶಾಲೆಗಳ ನಿಜವಾದ ಕೊಡುಗೆ ಬೋಧನಾ ವಿಧಾನದಲ್ಲಿದೆ. ಯಾವುದೇ ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸಿ, ಒಂದು ಹಂತ ಕೈಗೆ ಹತ್ತಿದ ಮೇಲೆ ಮುಂದಿನದನ್ನು ಸೇರಿಸುವುದು ಆ ವಿಧಾನ. ಚೀಲಕ್ಕೆ ಮಣ್ಣು ತುಂಬುವುದು ನಮಗೆ ಒಂದೇ ಕೆಲಸ. ಕಲಿಯುವ ಮಗುವಿಗೆ ಚೀಲದ ಬಾಯಿ ಬಿಡಿಸುವುದು, ಸಣ್ಣ ಸಲಿಕೆಯಲ್ಲಿ ಮಣ್ಣು ಎತ್ತುವುದು, ಗುರುತಿನವರೆಗೆ ತುಂಬುವುದು, ನೆಲಕ್ಕೆ ಎರಡು ಸಲ ಕುಟ್ಟುವುದು, ಸಾಲಿನಲ್ಲಿ ಇಡುವುದು ಇವು ಐದು ಪಾಠಗಳು. ಗುರುತಿಗೆ ಬಣ್ಣದ ಪಟ್ಟಿ, ಎಣಿಕೆಗೆ ಗುಳಿಗಳಿರುವ ಹಲಗೆ, ಕ್ರಮಕ್ಕೆ ಗೋಡೆಯ ಮೇಲಿನ ಚಿತ್ರ. ಒಮ್ಮೆ ಕೂತ ಅಭ್ಯಾಸ ತಪ್ಪುವುದಿಲ್ಲ. ಬೇರೆಯವರು ಬೇಸರಪಡುವ ಪುನರಾವರ್ತನೆಯ ಕೆಲಸವನ್ನು ಇವರಲ್ಲಿ ಅನೇಕರು ಶ್ರದ್ಧೆಯಿಂದ ಮಾಡುತ್ತಾರೆ ಎಂಬುದನ್ನು ವಿಶೇಷ ಶಿಕ್ಷಕರೆಲ್ಲ ಬಲ್ಲರು.

ಹೀಗಿದ್ದೂ ಹದಿನೆಂಟು ದಾಟಿದವರಿಗೆ ಶಾಲೆಯ ಆವರಣದಲ್ಲೇ ಒಂದು ಆಶ್ರಿತ ಕಾರ್ಯಾಗಾರ ಕಟ್ಟುವುದು ರೂಢಿಯಾಯಿತು. ಮಕ್ಕಳಿಗೆ ಅಲ್ಲಿ ರಕ್ಷಣೆಯಿತ್ತು, ಗೆಳೆಯರಿದ್ದರು, ಹಗಲಿನ ಹೊತ್ತಿಗೆ ಒಂದು ಅರ್ಥವಿತ್ತು. ದುಡಿಮೆಗೆ ಸಿಗುತ್ತಿದ್ದುದು ಮಾತ್ರ ಹೆಚ್ಚಿನ ಕಡೆ ಅಲ್ಪ ಸ್ಟೈಪೆಂಡ್. ದೀಪಾವಳಿಗೆ ಹಣತೆ, ಹೊಸ ವರ್ಷಕ್ಕೆ ಶುಭಾಶಯ ಪತ್ರ ಮಾರಾಟವಾಗುತ್ತಿದ್ದವು, ಉಳಿದ ತಿಂಗಳು ಸಾಮಾನು ಕಪಾಟಿನಲ್ಲಿ ಕೂರುತ್ತಿತ್ತು. ಕಾಯ್ದೆಯೂ ಇವರನ್ನು ಹೊರಗಿಟ್ಟಿತ್ತು. 1995ರ ಅಂಗವಿಕಲರ ಕಾಯ್ದೆ ಬೌದ್ಧಿಕ ಅಸಾಮರ್ಥ್ಯವನ್ನು ತನ್ನ ಏಳು ವರ್ಗಗಳಲ್ಲಿ ಒಂದೆಂದು ಗುರುತಿಸಿದರೂ, ಸರ್ಕಾರಿ ಉದ್ಯೋಗದ ಶೇ 3ರ ಮೀಸಲಾತಿಯನ್ನು ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇರುವವರಿಗಷ್ಟೇ ಹಂಚಿತು. 2016ರ ಹಕ್ಕುಗಳ ಕಾಯ್ದೆ ಬಂದ ಮೇಲೆ ವರ್ಗಗಳು 21 ಆದವು, ಮೀಸಲಾತಿ ಶೇ 4ಕ್ಕೆ ಏರಿತು, ಆ ನಾಲ್ಕನೆಯ ಪಾಲಿನಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಮಾನಸಿಕ ಕಾಯಿಲೆ ಇರುವವರಿಗೂ ಜಾಗ ಸಿಕ್ಕಿತು. ಅರ್ಧ ಶತಮಾನ ಈ ಮಕ್ಕಳನ್ನು ಬೆಳೆಸಿದ ತಾಯಂದಿರ ಹೋರಾಟ ಆ ಒಂದು ಸಾಲಿನ ಹಿಂದಿದೆ.

ಕಾರ್ಖಾನೆ, ಕಂಪ್ಯೂಟರ್, ಕೆಫೆ

ತೊಂಬತ್ತರ ದಶಕದಿಂದ ಈಚೆಗೆ ನಾಡಿನಲ್ಲಿ ಕಸುಬಿನ ಶಿಕ್ಷಣದ ದಿಕ್ಕು ಬದಲಾಯಿತು. ಮೈಸೂರಿನಲ್ಲಿ 1991ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ ತೆರೆಯಿತು. ಕಂಪ್ಯೂಟರ್ ಸೈನ್ಸ್, ವಾಸ್ತುಶಿಲ್ಪ, ಆಭರಣ ವಿನ್ಯಾಸದಂಥ ಡಿಪ್ಲೊಮಾಗಳು ಅಲ್ಲಿನವು. ಹೊಲಿಗೆ, ಬೆತ್ತದ ಆಚೆಗೂ ಇವರು ಕಲಿಯಬಲ್ಲರು ಎಂಬ ನಂಬಿಕೆ ಅದರಲ್ಲಿತ್ತು. 1997ರಲ್ಲಿ ಇಬ್ಬರು ಅಂಧ ಗೆಳೆಯರು, ಮಹಾಂತೇಶ್ ಮತ್ತು ನಾಗೇಶ್, ಬೆಂಗಳೂರಿನಲ್ಲಿ ಸಮರ್ಥನಂ ಟ್ರಸ್ಟ್ ಆರಂಭಿಸಿದರು. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಎನೇಬಲ್ ಇಂಡಿಯಾ ಕಟ್ಟಿದರು. ಶಾಂತಿಯವರ ತಮ್ಮ ದೃಷ್ಟಿ ಕಳೆದುಕೊಂಡಾಗ ಆ ಕುಟುಂಬ ಕಂಡುಕೊಂಡ ದಾರಿಯೇ ಸಂಸ್ಥೆಯ ಬೀಜ. ತರಬೇತಿ ಕೊಟ್ಟು ಕೈತೊಳೆದುಕೊಳ್ಳದೆ, ಕಂಪನಿಯೊಳಗೆ ಹೋಗಿ ಅಲ್ಲಿನ ಕೆಲಸವನ್ನು ಅಭ್ಯಾಸ ಮಾಡಿ, ಅದಕ್ಕೆ ತಕ್ಕಂತೆ ಅಭ್ಯರ್ಥಿಯನ್ನೂ ಕಂಪನಿಯನ್ನೂ ಸಜ್ಜುಗೊಳಿಸುವ ಕ್ರಮವನ್ನು ಅವರು ಬೆಳೆಸಿದರು.

2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಆಲಿನಾ ಆಲಂ ಆರಂಭಿಸಿದ ಮಿಟ್ಟಿ ಕೆಫೆ ಈ ಸಾಲಿನ ಹೊಸ ಅಧ್ಯಾಯ. ಬೌದ್ಧಿಕ ಮತ್ತು ದೈಹಿಕ ಅಸಾಮರ್ಥ್ಯವಿರುವ ಯುವಜನರೇ ಅಲ್ಲಿ ಅಡುಗೆ ಮಾಡುತ್ತಾರೆ, ಚಹಾ ಕೊಡುತ್ತಾರೆ, ಲೆಕ್ಕ ನೋಡುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಒಂದು ಕೆಫೆ ತೆರೆಯಿತು. ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದ ಸಂಗತಿಯೆಂದರೆ, ಅದರ ಒಂದು ಕೆಫೆ ನಮ್ಮದೇ ದೇವನಹಳ್ಳಿ ತಾಲ್ಲೂಕಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿದೆ. ದೇಶ ವಿದೇಶದ ಪ್ರಯಾಣಿಕರು ಇವರ ಕೈಯಿಂದ ಕಾಫಿ ಪಡೆದು ಹಣ ಕೊಟ್ಟು ಹೋಗುತ್ತಾರೆ.

ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ಅವರನ್ನೂ ಇಲ್ಲಿ ಸ್ಮರಿಸಬೇಕು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದು, ಉದ್ಯಮ ನಡೆಸಿ, ಅಂಗವಿಕಲರಿಗೆ ಕೆಲಸ ಕೊಟ್ಟು, ಮುಂದೆ ರಾಜ್ಯದ ಅಂಗವಿಕಲರ ಆಯುಕ್ತರಾದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಕಸುಬು ಕಲಿತವನು ಕೆಲಸ ಕೇಳುವವನಾಗಿ ಮಾತ್ರ ಉಳಿಯಬೇಕಿಲ್ಲ, ಕೊಡುವವನೂ ಆಗಬಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯಿಂದ ಬೇರೆಯಾಯಿತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹೋದ ಮೇಲೆ ನಾಲ್ಕು ತಾಲ್ಲೂಕು ಉಳಿದವು. ಇವು ಒಂದು ಕಡೆ ನಗರಕ್ಕೆ ಅಂಟಿಕೊಂಡಿವೆ, ಇನ್ನೊಂದು ಕಡೆ ಹಳ್ಳಿಯಾಗಿಯೇ ಇವೆ. ಅಂಗವಿಕಲ ಮಕ್ಕಳ ಪಾಲಿಗೆ ಈ ನೆರೆಹೊರೆ ಎರಡು ಬಗೆಯ ಪರಿಣಾಮ ಬೀರಿದೆ. ನಗರದ ಸಂಸ್ಥೆಗಳು ಹತ್ತಿರದಲ್ಲಿವೆ ಎಂಬ ಕಾರಣಕ್ಕೆ ಇಲ್ಲಿ ಬೇರೆ ಸಂಸ್ಥೆ ಬೇಕು ಎಂದು ಬಹಳ ಕಾಲ ಅನ್ನಿಸಲಿಲ್ಲ. ಆದರೆ ಸಾಸಲು ಹೋಬಳಿಯ ಹಳ್ಳಿಯಿಂದಲೋ ಸೂಲಿಬೆಲೆಯ ಆಚೆಯಿಂದಲೋ ನಡೆಯಲಾಗದ ಮಗನನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಹೋಗುವ ತಾಯಿಗೆ ಬೆಂಗಳೂರು ಹತ್ತಿರದ್ದಲ್ಲ. ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹಾಗಾಗಿ ಎಷ್ಟೋ ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ.

ಈ ಕೊರತೆಯನ್ನು ಅರಿತವರು ಸಂಸ್ಥೆಯನ್ನು ಮನೆಯ ಬಾಗಿಲಿಗೆ ಒಯ್ಯುವ ದಾರಿ ಹಿಡಿದರು. ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆ ಅಂಗವಿಕಲರ ಮತ್ತು ಮಾನಸಿಕ ಕಾಯಿಲೆಯಿರುವವರ ನಡುವೆ ಹಳ್ಳಿಗಳಲ್ಲಿ ಕೆಲಸ ಮಾಡುತ್ತಾ ಬಂದಿದೆ. ಸರ್ಕಾರವೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿತು. ಈ ಕಾರ್ಯಕರ್ತರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಗೌರವಧನ ಕಡಿಮೆ, ಸುತ್ತಾಟ ಹೆಚ್ಚು. ಯಾವ ಮನೆಯಲ್ಲಿ ಯಾವ ಮಗುವಿದೆ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಬಂದಿದೆಯೇ, ಪಿಂಚಣಿ ನಿಂತಿದೆಯೇ ಎಂಬುದು ಅವರಿಗೆ ಬಾಯಿಪಾಠ. ಜಿಲ್ಲೆಯ ವಿಶೇಷ ಶಿಕ್ಷಣದ ಇತಿಹಾಸದಲ್ಲಿ ಅವರ ಹೆಸರು ಮೊದಲ ಪುಟದಲ್ಲಿರಬೇಕು.

ಇನ್ನು ಕಸುಬಿನ ಮಾತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅವರಿಗೆಲ್ಲ ಸರ್ಕಾರಿ ನೌಕರಿ ಸಿಗುವುದು ಆಗದ ಮಾತು. ದುಡಿಮೆಯನ್ನು ಸುತ್ತಲಿನ ಬದುಕಿನಲ್ಲೇ ಕಂಡುಕೊಳ್ಳಬೇಕು. ಆ ದೃಷ್ಟಿಯಿಂದ ನಮ್ಮ ಜಿಲ್ಲೆಯಷ್ಟು ಬಗೆಬಗೆಯ ಕೆಲಸಗಳಿರುವ ಜಿಲ್ಲೆಗಳು ರಾಜ್ಯದಲ್ಲಿ ಕಡಿಮೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳಿವೆ. ಮಗ್ಗ ಓಡಿಸುವುದಷ್ಟೇ ನೇಕಾರಿಕೆಯಲ್ಲ. ಕಂಡಿಕೆ ಸುತ್ತುವುದು, ನೂಲು ಬಿಡಿಸುವುದು, ಅಚ್ಚು ಕೆಚ್ಚುವುದು, ಸೀರೆ ಮಡಿಸುವುದು ಹೀಗೆ ಕೂತು ಮಾಡುವ ಕೆಲಸಗಳು ಅದರ ಸುತ್ತ ಹಲವಿವೆ. ಮಗ್ಗದ ಸದ್ದು ತೊಂದರೆ ಕೊಡದ ಶ್ರವಣದೋಷವಿರುವ ಯುವಕ ಅಲ್ಲಿ ಚೆನ್ನಾಗಿಯೇ ದುಡಿಯಬಲ್ಲ. ಅದೇ ಊರಿನ ಅಪರೆಲ್ ಪಾರ್ಕಿನಲ್ಲಿ ಸಿದ್ಧ ಉಡುಪಿನ ಘಟಕಗಳಿವೆ. ದಾರ ಕತ್ತರಿಸುವುದು, ಗುಂಡಿ ಹಚ್ಚುವುದು, ಪ್ಯಾಕ್ ಮಾಡುವುದು ಅಲ್ಲಿನ ಕೆಲಸಗಳು. ದೇವನಹಳ್ಳಿಯ ಕಡೆ ಚಕ್ಕೋತ ಮತ್ತು ದ್ರಾಕ್ಷಿ ತೋಟಗಳಿವೆ, ಅದೇ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ. ಹುಳುವಿಗೆ ಸೊಪ್ಪು ಹಾಕುವುದು, ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುವುದು, ಗೂಡು ಬಿಡಿಸುವುದು ಮನೆಯವರ ಜೊತೆ ಕೂಡಿ ಮಾಡುವ ಕೆಲಸ. ಹೊಸಕೋಟೆಯ ಸುತ್ತ ಗುಲಾಬಿ, ತರಕಾರಿ, ಸಸಿ ಬೆಳೆಸುವ ನರ್ಸರಿಗಳ ಜೊತೆಗೆ ವಾಹನ ತಯಾರಿಕೆಯ ಕಾರ್ಖಾನೆಗಳಿವೆ. ನೆಲಮಂಗಲದ ದಾಬಸ್‌ಪೇಟೆಯಲ್ಲಿ ಕೈಗಾರಿಕಾ ಪ್ರದೇಶವಿದೆ, ಹೆದ್ದಾರಿಯುದ್ದಕ್ಕೂ ದೊಡ್ಡ ಗೋದಾಮುಗಳು ಎದ್ದಿವೆ. ಇವುಗಳಿಗೆಲ್ಲ ದಿನವೂ ಕೈಗಳು ಬೇಕು.

ಬೇಕಾದದ್ದು ಕೆಲಸದ ಜಾಗದಲ್ಲೇ ಕಲಿಸುವ ಗುರು. ವಿದ್ಯಾರ್ಥಿಯ ಜೊತೆ ಕಾರ್ಖಾನೆಗೋ ತೋಟಕ್ಕೋ ಹೋಗಿ, ಮೊದಲ ವಾರಗಳಲ್ಲಿ ಪಕ್ಕದಲ್ಲೇ ನಿಂತು, ಮೇಸ್ತ್ರಿಗೆ ಹುಡುಗನ ರೀತಿಯನ್ನೂ ಹುಡುಗನಿಗೆ ಮೇಸ್ತ್ರಿಯ ರೀತಿಯನ್ನೂ ತಿಳಿಸಿ, ಆಮೇಲೆ ಮೆಲ್ಲಗೆ ಹಿಂದೆ ಸರಿಯುವ ಶಿಕ್ಷಕ. ಬೇಕಾದದ್ದು ಹೋಗಿ ಬರಲು ವಾಹನ. ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ರಿಯಾಯಿತಿ ಬಸ್ ಪಾಸ್ ಇದೆ. ಬಸ್ಸೇ ಬಾರದ ಹಳ್ಳಿಯಲ್ಲಿ ಪಾಸಿನಿಂದ ಏನೂ ಆಗದು. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಖರ್ಚು ಮಾಡಬೇಕಾದ ಶೇ 5ರ ಅನುದಾನವನ್ನು ಎರಡು ಮೂರು ಪಂಚಾಯಿತಿಗಳು ಒಟ್ಟುಗೂಡಿಸಿದರೆ ಒಂದು ವ್ಯಾನು ಓಡಿಸಬಹುದು. ಬೇಕಾದದ್ದು ಕಾನೂನಿನ ಕೂಲಿ. ಕಡಿಮೆ ವೇಗದ ಕೈಗೆ ಕಡಿಮೆ ಕೆಲಸದ ಗುರಿ ಇಡಬಹುದು, ಆದರೆ ಮಾಡಿದ ಕೆಲಸಕ್ಕೆ ಕನಿಕರದ ಕಾಸು ಕೊಡುವಂತಿಲ್ಲ. ತಂದೆತಾಯಿಯ ಕಾಲಾನಂತರ ಆಸ್ತಿ, ಆರೋಗ್ಯ ನೋಡಿಕೊಳ್ಳುವವರು ಯಾರು ಎಂಬ ಆತಂಕಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ದಾರಿ ತೋರಿಸಿದೆ. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ, ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಇವನ್ನು ಪೋಷಕರಿಗೆ ಬಿಡಿಸಿ ಹೇಳುವುದೂ ಶಾಲೆಯ ಕೆಲಸವೇ.

ಮುಂದಿನ ಸಂಚಿಕೆಗೆ

ಮೈಸೂರಿನ ಶಾಲೆ ಅಂಗವಿಕಲ ಮಗು ಕಲಿಯಬಲ್ಲದು ಎಂದು ತೋರಿಸಿತು. ಗದಗು ಆ ವಿದ್ಯೆ ಊರಿಗೆ ಬೇಕಾದದ್ದಾಗಿರಬೇಕು ಎಂದು ಕಲಿಸಿತು. ಲಿಂಗರಾಜಪುರ, ಅಂಗವಿಕಲರೇ ಮುಂದೆ ನಿಂತು ಸಂಸ್ಥೆ ಕಟ್ಟಬಹುದು ಎಂದಿತು. ವಿಶೇಷ ಶಿಕ್ಷಕರು, ಯಾವ ಕೆಲಸವನ್ನೂ ಹಂತಹಂತವಾಗಿ ಬಿಡಿಸಿದರೆ ಕಲಿಸಲು ಬರುತ್ತದೆ ಎಂದು ಸಾಧಿಸಿದರು. ಇವೆಲ್ಲವನ್ನೂ ಪಡೆದುಕೊಂಡಿರುವ ನಮ್ಮ ಜಿಲ್ಲೆಯ ಕಸುಬಿನ ಶಾಲೆಗಳು ಮುಂದಿನ ಹೆಜ್ಜೆ ಇಡಬೇಕು.

ನನ್ನದೊಂದು ವಿನಂತಿಯಿದೆ. ನಮ್ಮ ಶಾಲೆಗಳಲ್ಲಿ ದಾಖಲಾತಿ ಪುಸ್ತಕವಿರುತ್ತದೆ, ಯಾವ ಮಗು ಯಾವಾಗ ಸೇರಿತು ಎಂಬುದು ಅದರಲ್ಲಿ ಸಿಗುತ್ತದೆ. ಬಿಟ್ಟು ಹೋದ ಮೇಲಿನ ಪುಸ್ತಕವನ್ನೂ ಇಂದಿನಿಂದ ಬರೆಯೋಣ. ಪ್ರತಿ ವರ್ಷ ಹಳೆಯ ವಿದ್ಯಾರ್ಥಿಗಳ ಮನೆಗೆ ಹೋಗಿ, ಯಾರು ಎಲ್ಲಿ ದುಡಿಯುತ್ತಿದ್ದಾರೆ, ಏನು ಕೂಲಿ ಸಿಗುತ್ತಿದೆ, ಯಾರು ಕೆಲಸ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿ ಬರೆದಿಡೋಣ. ಕೆಲಸ ಬಿಟ್ಟವರ ಕಾರಣಗಳೇ ಮುಂದಿನ ವರ್ಷದ ಪಠ್ಯಕ್ರಮವಾಗಲಿ. ಹತ್ತು ವರ್ಷಗಳ ನಂತರ ಇಂಥದೊಂದು ಸಂಚಿಕೆ ಮತ್ತೆ ಹೊರಬಂದಾಗ, ಅದರ ದೊಡ್ಡ ಅಧ್ಯಾಯವನ್ನು ಆ ಪುಸ್ತಕದಿಂದಲೇ ಎತ್ತಿಕೊಳ್ಳೋಣ. ಕೆಲವು ಪುಟಗಳನ್ನು ಆ ಹಳೆಯ ವಿದ್ಯಾರ್ಥಿಗಳೇ ಹೇಳಿ ಬರೆಸಲಿ.